ಎಪ್ಪತ್ತೆಂಟು ಪಟಗಳ ಶಾಸ್ತ್ರ

ಮರೆಮ್ಮನ ಹತ್ತಿರ ಇದ್ದದ್ದು ಇಪ್ಪತ್ತೇಳು ಪಟ. ಅವನ್ನು ಪಟ ಅಂತ ಕರೆಯುವುದೇ ದೊಡ್ಡ ಮನಸ್ಸಿನ ಮಾತು. ಕುಷ್ಟಗಿಯಲ್ಲಿದ್ದಾಗ ಅವಳ ಮಾವ ದೇವರ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ವಾರ್ನಿಷ್ ಹೊಡೆದು ಕೊಟ್ಟದ್ದು. ಮೂವತ್ತು ವರ್ಷ ತಿಕ್ಕಿ ತಿಕ್ಕಿ ಈಗ ರಾಮ ಯಾರು, ಹನುಮಂತ ಯಾರು ಅನ್ನುವುದು ಆ ದೇವರಿಗೇ ಗೊತ್ತಾಗಬೇಕು. ಮರೆಮ್ಮನಿಗೆ ಮಾತ್ರ ಏನೂ ತೊಂದರೆ ಇರಲಿಲ್ಲ. ಮೂಲೆ ಹರಿದದ್ದು ಹನುಮಂತ, ಎಣ್ಣೆ ಕುಡಿದದ್ದು ಲಕ್ಷ್ಮಿ, ಇಲಿ ಕಡಿದದ್ದು ಶನಿದೇವರು. ಉಡುಪಿಯ ಕಡಿಯಾಳಿ ದೇವಸ್ಥಾನದ ದಾರಿಯಲ್ಲಿ ಅಶ್ವತ್ಥಕಟ್ಟೆಯ ಮೇಲೆ ಗೋಣಿ ಹಾಸಿ ಕೂತು, ಗಿರಾಕಿಯ ಕೈಯಿಂದ ಒಂದು ಪಟ ಎತ್ತಿಸಿ, ಅದರ ಮೇಲೆ ಕಣ್ಣೂ ಹಾಯಿಸದೆ ಎದುರಿಗಿದ್ದವರ ಮುಖ ನೋಡಿ ಶಾಸ್ತ್ರ ಹೇಳಿಬಿಡುವಳು. ಶುಕ್ರವಾರ ಅವಳ ಮುಂದೆ ಜನ ಕಾಯುತ್ತಿದ್ದರು. ಸುಳ್ಳಲ್ಲ.

ಕಷ್ಟ ಇದ್ದದ್ದು ಸೊಸೆ ನಾಗವೇಣಿಗೆ. ಅವಳು ಆರು ವರ್ಷದಿಂದ ಕಾರ್ಕಳದ ಆಚೆ ಒಂದು ಜಲ್ಲಿ ಕ್ರಷರಿನಲ್ಲಿ ಕಲ್ಲು ಹೊತ್ತವಳು. ವಾರವಿಡೀ ಅಲ್ಲಿಯ ಶೆಡ್ಡಿನಲ್ಲಿ ವಾಸ, ಶನಿವಾರ ಸಂಜೆ ಬಸ್ಸು ಹತ್ತಿ ಬೀಡಿನಗುಡ್ಡೆಯ ಅತ್ತೆಯ ಕೋಣೆಗೆ. ಎರಡು ಸಾವಿರದ ಎರಡನೇ ಇಸವಿಯ ಏಪ್ರಿಲಿನಲ್ಲಿ ಹಿಡಿದ ಕೆಮ್ಮು ಅವಳನ್ನು ಬಿಡಲೇ ಇಲ್ಲ. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ನೋಡಮ್ಮ, ಇನ್ನು ಆ ಧೂಳಿಗೆ ಹೋದರೆ ನಾನು ಮದ್ದು ಕೊಟ್ಟು ಪ್ರಯೋಜನ ಇಲ್ಲ. ಪ್ರಾಯ ಎಷ್ಟು, ಇಪ್ಪತ್ತೊಂಬತ್ತು ಅಲ್ವಾ? ಬದುಕಬೇಕಾದರೆ ಬೇರೆ ಎಂತಾದರೂ ಕೆಲಸ ಹುಡುಕಿ."

ಹೇಳುವುದಕ್ಕೇನು, ಹೇಳಿಬಿಟ್ಟರು. ಮೇಸ್ತ್ರಿ ಚಂದಪ್ಪ ಊರ ಕಡೆಯವನೇ, ಒಳ್ಳೆಯವನೇ. ಅವನು ಒಂದು ತಿಂಗಳು ಅವಳ ಜಾಗ ಹಾಗೇ ಇಡುತ್ತೇನೆ ಅಂದ. ಆಮೇಲೆ ಬೇರೆಯವರನ್ನು ಹಾಕಲೇಬೇಕು, ಮಾಲಕರು ಬಿಡುವುದಿಲ್ಲ.

ಸೊಸೆ ಕೆಮ್ಮಿ ಕೆಮ್ಮಿ ಸೋಲುವುದನ್ನು ಎರಡು ದಿನ ನೋಡಿದ ಮರೆಮ್ಮ ಮೂರನೇ ದಿನ ಬಾಯಿಬಿಟ್ಟಳು. "ನನ್ನ ಜಾಗಾ ಐತಲ್ಲ. ನನಗೂ ಮಣಕಾಲು ಹೋಗ್ಯಾವ. ನೀ ಕೂಡು. ಆದ್ರ ಒಂದ್ ಮಾತು ನಾಗೀ, ಪಟ ಓದಾಕ ಬರಬೇಕು. ಬರಲಿಲ್ಲಂದ್ರ ಆ ಕಟ್ಟಿ ಮ್ಯಾಲ ಕೂಡಾಕ ಬಿಡಂಗಿಲ್ಲ. ಸೊಸಿ ಇರ್ಲಿ, ಮಗಳಿರ್ಲಿ. ಜನ ಜೀವ ಕೈಯಾಗ ಹಿಡಕೊಂಡು ಬಂದಿರ್ತಾರ."

ಅಲ್ಲಿಗೆ ಎಲ್ಲ ಇತ್ಯರ್ಥ ಆಯಿತು. ಒಂದೋ ಕಟ್ಟೆ, ಇಲ್ಲವೋ ಕ್ರಷರು.

ಕಲಿಯಲು ಕೂತರೆ ಎಲ್ಲಿಯ ಕಲಿಕೆ! ಇಪ್ಪತ್ತೇಳು ರಟ್ಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದರೂ ನಾಗವೇಣಿಗೆ ಕಂದು ಬಣ್ಣದ ಕಲೆಯ ಹೊರತು ಏನೂ ಕಾಣದು. "ಇದ್ರಾಗ ಏನ್ ಕಾಣತೈತಿ ಅತ್ತಿ ನಿನಗ?" ಅಂದರೆ, "ಏನ್ ಬೇಕೋ ಅದು ಕಾಣತೈತಿ" ಅನ್ನುವಳು ಮರೆಮ್ಮ.

ಈ ಮಾತಿನಲ್ಲಿ ಒಂದು ಮುಳ್ಳಿತ್ತು. ಶಾಸ್ತ್ರ ಹೇಳುವವರು ತಮ್ಮ ಮನೆಯವರಿಗಾಗಿ ಪಟ ಎತ್ತಬಾರದು. ಅದು ಅವರ ಕುಲದ ಕಟ್ಟಳೆ. ಮರೆಮ್ಮ ಮಾತ್ರ ದಿನಾ ಬೆಳಿಗ್ಗೆ, ದೇವಿಯ ಹೆಸರಿನದು ಅಂತ ನೆಪ ಮಾಡಿ ಮೊದಲ ಪಟ ಎತ್ತಿ, "ಬರ್ತಾನ, ಭೀಮೇಶ ಬಂದೇ ಬರ್ತಾನ" ಅಂತ ಕೋಣೆಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಭೀಮೇಶ ಅವಳ ಒಬ್ಬನೇ ಮಗ, ನಾಗವೇಣಿಯ ಗಂಡ. ಗಾರೆ ಕೆಲಸಕ್ಕೆ ಅಂತ ಗೋವಾಕ್ಕೆ ಹೋದವನು ನಾಲ್ಕು ವರ್ಷವಾದರೂ ಪತ್ತೆ ಇಲ್ಲ. ಪತ್ತೆ ಇಲ್ಲ ಅನ್ನುವುದು ಮರೆಮ್ಮನ ಪಾಲಿಗೆ. ನಾಗವೇಣಿಗೆ ಹೋದ ವರ್ಷವೇ ಚಂದಪ್ಪ ಹೇಳಿದ್ದ: ಫೋಂಡಾದಲ್ಲಿ ಭೀಮೇಶನನ್ನು ಕಣ್ಣಾರೆ ಕಂಡೆ, ಅಲ್ಲಿ ಅವನಿಗೆ ಇನ್ನೊಂದು ಮನೆ ಉಂಟು, ಹೆಂಡತಿ ಉಂಟು, ತೊಟ್ಟಿಲಲ್ಲಿ ಮಗುವೂ ಉಂಟು. ನಾಗವೇಣಿ ಮೂರು ದಿನ ಕಲ್ಲು ಹೊರುತ್ತಲೇ ಅತ್ತಳು. ಅತ್ತೆಗೆ ಮಾತ್ರ ಹೇಳಲಿಲ್ಲ. ಮುದುಕಿ ಆ ಒಂದು ಮಾತಿನ ಮೇಲೆ ಜೀವ ಹಿಡಿದಿದೆ, ನಾನ್ಯಾಕೆ ಕೊಲ್ಲಲಿ ಅಂತ ಸುಮ್ಮನಾಗಿಬಿಟ್ಟಳು.

ಪಟ ಕಲಿಯುವವರೆಗೆ ಹೊಟ್ಟೆಪಾಡು ನಡೆಯಬೇಕಲ್ಲ? ಮಣಿಪಾಲದ ಈಶ್ವರನಗರದಲ್ಲಿ ಕಾಪುವಿನ ಮಮ್ಮು ಬ್ಯಾರಿಯ ಗುಜರಿ ಅಂಗಡಿ ಇತ್ತು. ಏಪ್ರಿಲ್-ಮೇ ಬಂದರೆ ಹಾಸ್ಟೆಲಿನ ಮಕ್ಕಳು ಊರಿಗೆ ಹೋಗುವಾಗ ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಬಕೆಟ್ಟು, ಫ್ಯಾನು, ಶೂಸು, ರಾಶಿ ರಾಶಿ ಪುಸ್ತಕ. ಅದನ್ನು ಬೇರೆ ಬೇರೆ ಮಾಡುವ ಕೆಲಸಕ್ಕೆ ನಾಗವೇಣಿ ಹೋಗತೊಡಗಿದಳು. ಪಿಯುಸಿ ರಜೆಯಲ್ಲಿದ್ದ ಮಮ್ಮುವಿನ ಮಗಳು ಶಾಝಿಯಾ ಕೂಡ ಅಲ್ಲೇ ಕೂತು ಪುಸ್ತಕ ವಿಂಗಡಿಸುತ್ತಿದ್ದಳು.

ಒಂದು ದಿನ ಶೂಸಿನ ಡಬ್ಬಿಯೊಂದರಲ್ಲಿ ಎರಡು ಕಟ್ಟು ಎಲೆ ಸಿಕ್ಕಿದವು. ಇಸ್ಪೀಟಿಗಿಂತ ದೊಡ್ಡವು. ಶಾಝಿಯಾ ಕಟ್ಟಿನ ಪೊಟ್ಟಣದ ಮೇಲಿನದನ್ನು ಓದಿ, "ಟ್ಯಾರೊ ಅಂತೆ ಅಕ್ಕ. ಫಾರಿನ್ನಿನವರು ಭವಿಷ್ಯ ನೋಡುವುದು" ಅಂದಳು.

ಮೊದಲನೇ ಕಟ್ಟು ಏನು ಚಂದ! ಅಂಚಿಗೆಲ್ಲ ಚಿನ್ನದ ಬಣ್ಣ. ಆದರೆ ಅಂಗೈಗಿಂತ ಅಗಲ, ಕಲೆಸಲು ಹೋದರೆ ಜಾರಿ ಜಾರಿ ನೆಲಕ್ಕೆ. ಚಿತ್ರ ಇದ್ದದ್ದು ಕೆಲವಕ್ಕೆ ಮಾತ್ರ. ಉಳಿದದ್ದರಲ್ಲಿ ಐದು ಬಟ್ಟಲು, ಆರು ಬಟ್ಟಲು, ಏಳು ಕೋಲು, ಎಂಟು ಕೋಲು. ಮನುಷ್ಯರೇ ಇಲ್ಲ. "ಇದೇನವ್ವಾ, ಪಾತ್ರಿ ಅಂಗಡಿ ಇದ್ದಂಗೈತಿ" ಅಂತ ನಾಗವೇಣಿ ಬದಿಗಿಟ್ಟಳು. ಎರಡನೇ ಕಟ್ಟು ಅಷ್ಟೇನೂ ಚಂದ ಇಲ್ಲ, ಯಾರೋ ಹುಡುಗಿ ಬಳಸಿ ಬಳಸಿ ಮೆತ್ತಗೆ ಮಾಡಿದ್ದು. ಆದರೆ ಎಪ್ಪತ್ತೆಂಟರಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಯಾರಾದರೂ ಏನಾದರೂ ಮಾಡುತ್ತಿದ್ದರು. ಒಬ್ಬ ಹತ್ತು ಕೋಲುಗಳ ಹೊರೆಯನ್ನು ತಬ್ಬಿಕೊಂಡು ಮುಂದೆ ದಾರಿ ಕಾಣದೆ ನಡೆಯುತ್ತಿದ್ದ. ಒಬ್ಬಳು ಹಾಸಿಗೆಯ ಮೇಲೆ ಎದ್ದು ಕೂತು ಮುಖ ಮುಚ್ಚಿಕೊಂಡಿದ್ದಳು. ನಾಗವೇಣಿ ಹೊರೆ ಹೊತ್ತವನನ್ನು ಬಹಳ ಹೊತ್ತು ನೋಡಿದಳು. ಆರು ವರ್ಷ ಅವಳು ಮಾಡಿದ್ದು ಅದೇ ಅಲ್ಲವೇ? ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನನಗೊಂದು ನೋಡಿ ಅಕ್ಕ" ಅಂತ ಶಾಝಿಯಾ ಅಪ್ಪನಿಗೆ ಕೇಳದ ಹಾಗೆ ಒಂದು ಎಲೆ ಎಳೆದಳು.

"ಇಂವ ಮರದ ಕೆಳಗ ಕೈ ಕಟ್ಟಿ ಸಿಟ್ಟಿಲೆ ಕೂತಾನ. ಮುಂದ ಮೂರು ಬಟ್ಟಲ ಅದಾವ, ಬ್ಯಾಡ ಅಂತಾನ. ನಾಕನೇದು ಯಾರೋ ಕೊಡಾಕ ಬಂದಾರ, ಕಣ್ಣೆತ್ತಿ ನೋಡವಲ್ಲ. ಮನಿಯವರೆಲ್ಲ ಕರದು ಕರದು ದಣದಾರ. ಆದ್ರ ಇಂವ ಕೆಟ್ಟಾಂವಲ್ಲ ತಂಗಿ. ಏನೋ ಒಂದು ಕಳಕೊಂಡಾನ, ಅದನ್ನ ಯಾರೂ ಕೇಳಿಲ್ಲ."

ಶಾಝಿಯಾಳ ನಗು ನಿಂತಿತು. ಹಿಂದೆ ತಕ್ಕಡಿಯ ಹತ್ತಿರ ಇದ್ದ ಮಮ್ಮು ಕೂಡ ತಿರುಗಿ ನೋಡಿದ. ಅವನ ಮಗ ಸಿರಾಜ್ ದುಬೈಯಿಂದ ವಾಪಸು ಬಂದು ಎಂಟು ತಿಂಗಳಾಗಿತ್ತು. ಕೆಲಸ ಬೇಡ, ಮದುವೆ ಬೇಡ, ಮನೆಯ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

"ಕೊಂಡುಹೋಗು ಮಾರಾಯ್ತಿ" ಅಂದ ಮಮ್ಮು ಕೊನೆಗೆ. "ನಮಗೆ ಇದು ಹರಾಮು. ಇಟ್ಟುಕೊಳ್ಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ." ಆ ದಿನ ಅವನು ಅಂಗಡಿಯನ್ನು ಬೇಗ ಮುಚ್ಚಿ ಕಾಪುವಿಗೆ ಹೋದ.

ಮನೆಗೆ ತಂದು ತೋರಿಸಿದರೆ ಮರೆಮ್ಮ ಮೂಗು ಮುರಿದಳು. "ಒಂದಾದ್ರೂ ದೇವರೈತೇನ ಇದ್ರಾಗ? ಹೆಸರಿಲ್ಲದ ಪಟ ಎತ್ತಿ ಶಾಸ್ತ್ರ ಹೇಳಿದವರನ್ನ ನಾ ಕಂಡಿಲ್ಲ. ಗಿರಾಕಿ ಇದ್ಯಾರು ಅಂತ ಕೇಳಿದ್ರ ಏನಂತಿ? ಗೊತ್ತಿಲ್ರೀ, ಯಾರೋ ಕೂತಾರ ಅಂತೀಯೇನು?"

ಆ ಮಾತು ನಾಗವೇಣಿಗೆ ನಾಟಿತು. ಹೆಸರು ತಿಳಿಯದೆ ಓದಿದರೆ ಅದು ಶಾಸ್ತ್ರ ಹೇಗಾದೀತು, ಹರಟೆ ಆದೀತು ಅನ್ನಿಸಿತು. ಮಾರನೇ ದಿನ ಶಾಝಿಯಾಳ ಕಾಲು ಹಿಡಿಯುವುದೊಂದು ಬಾಕಿ. ಆ ಹುಡುಗಿಯೂ ಪಾಪ, ಇಂಗ್ಲಿಷಿನಿಂದ ಕನ್ನಡ ಮಾಡುವುದು ಹರಾಮಲ್ಲ ಅಂತ ತನಗೆ ತಾನೇ ಫತ್ವಾ ಕೊಟ್ಟುಕೊಂಡು ಡಿಕ್ಷನರಿ ಹಿಡಿದು ಕೂತಳು. ನೋಟುಬುಕ್ಕಿಗೆ ಅಂಟಿಸುವ ಲೇಬಲ್ಲು ಗುಜರಿಯಲ್ಲಿ ಬೇಕಾದಷ್ಟಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಹೆಸರಿದ್ದ ಎಲೆಗಳಿಗೆಲ್ಲ ಅದರ ಮೇಲೆ ಲೇಬಲ್ಲು ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಳು. ಸೂರ್ಯ, ಚಂದ್ರ, ರಾಣಿ, ಸಾರಥಿ. ಓದಲು ಬಾರದ ನಾಗವೇಣಿ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಈಗ ಮರೆಮ್ಮನಿಗೂ ಸಮಾಧಾನ. "ಈಗ ನೋಡು, ಪಟಕ್ಕ ಒಂದು ಮರ್ಯಾದಿ ಬಂತು" ಅಂದಳು. ಬರುವ ಶುಕ್ರವಾರ ಕೂತು ನೋಡು ಅಂತಲೂ ಅಂದಳು.

ಆ ಶುಕ್ರವಾರ ಪಿಯುಸಿ ರಿಸಲ್ಟಿನ ದಿನ. ನಾಗವೇಣಿಯ ಮುಂದೆ ಬಂದು ಕೂತ ಮೊದಲನೆಯವನು ಆಟೋ ಓಡಿಸುವ ಭೋಜ, ಮರೆಮ್ಮನ ಎಷ್ಟೋ ವರ್ಷದ ಗಿರಾಕಿ.

"ಮಗಳು ಫೇಲ್ ಆಗಿದ್ದಾಳೆ ಅಮ್ಮ. ಬೆಳಿಗ್ಗೆ ಎಂಟಕ್ಕೆ ಹೋದವಳು ಮನೆಗೆ ಬರಲಿಲ್ಲ. ಮಣಿಪಾಲ, ಇಂದ್ರಾಳಿ ಎಲ್ಲ ಹುಡುಕಿ ಆಯಿತು. ಎಲ್ಲಿದ್ದಾಳೆ, ಎಂತ ಆಗಿದೆ, ಒಂದು ನೋಡಿ ಹೇಳಿ."

ನಾಗವೇಣಿ ಎಲೆ ಕಲೆಸಿ ಹರಡಿದಳು. ಭೋಜ ಒಂದನ್ನು ಮುಟ್ಟಿದ. ತಿರುಗಿಸಿದಳು. ಒಂದು ಕಾಲಿಗೆ ಹಗ್ಗ ಬಿಗಿದು ಮರದಿಂದ ತಲೆಕೆಳಗಾಗಿ ತೂಗುತ್ತಿದ್ದ ಒಬ್ಬ ಮನುಷ್ಯ. ಅವನ ಮುಖದಲ್ಲಿ ನೋವಿಲ್ಲ, ಕಣ್ಣು ತೆರೆದೇ ಇದೆ, ತಲೆಯ ಸುತ್ತ ಬೆಳಕು. ನೋಡಿದ ಕೂಡಲೇ ನಾಗವೇಣಿಗೆ ಧೈರ್ಯ ಬಂತು. ಹುಡುಗಿಗೆ ಏನೂ ಆಗಿಲ್ಲ, ಮುಂದೆ ಹೋಗಲೂ ಆಗದೆ ಮನೆಗೆ ಬರಲೂ ಆಗದೆ ಎಲ್ಲೋ ಸಿಕ್ಕಿಕೊಂಡು ಯೋಚಿಸುತ್ತ ಕೂತಿದ್ದಾಳೆ ಅಂತ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಭೋಜ ಲೇಬಲ್ಲು ಓದಿ ಆಗಿತ್ತು. ಶಾಝಿಯಾ ಡಿಕ್ಷನರಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಳು: ನೇಣಿಗೇರಿದವನು.

"ಅಯ್ಯೋ ದೇವರೇ!" ಆ ಕೂಗಿಗೆ ಬಸ್ಸಿಗೆ ನಿಂತವರೆಲ್ಲ ತಿರುಗಿದರು. ನಾಗವೇಣಿ, "ಅಲ್ರೀ ಅಣ್ಣಾರ, ಹಂಗಲ್ರೀ, ಕೇಳ್ರಿ" ಅನ್ನುತ್ತಿದ್ದ ಹಾಗೇ ಅವನು ಎದ್ದ, ಎಡವಿದ, ಆಟೋ ಹತ್ತಿದ, ಇಂದ್ರಾಳಿಯ ರೈಲು ಹಳಿಯ ಕಡೆಗೆ ಓಡಿಸಿಕೊಂಡು ಹೋದ. ಹುಡುಗಿ ಸಂಜೆ ಐದಕ್ಕೆ ತಾನಾಗಿ ಮನೆಗೆ ಬಂದಳು. ಇಡೀ ದಿನ ಗೆಳತಿಯ ಜೊತೆ ಕಾಪುವಿನ ಲೈಟ್‌ಹೌಸಿನ ಬಂಡೆಯ ಮೇಲೆ ಕೂತಿದ್ದಳಂತೆ. ಆದರೆ ಅಪ್ಪ ಆದವನು ಐದು ಗಂಟೆಯವರೆಗೆ ಪಟ್ಟ ಪಾಡು ಯಾರಿಗೆ ಬೇಕು? ಭೋಜ ಮರುದಿನ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಗಳು ಇದ್ದಾಳೆ. ನಾನು ಇನ್ನು ಇಲ್ಲಿಗೆ ಬರುವುದಿಲ್ಲ ಮರೆಮ್ಮ" ಅಂತ ಹೇಳಿ ಹೋದ.

ಅವನು ಹೋದ ಮೇಲೆ ನಾಗವೇಣಿ ಗೋಣಿ ಮಡಚಿದಳು. "ನನ್ನಿಂದ ಆಗಂಗಿಲ್ಲ ಅತ್ತಿ. ಸೋಮವಾರ ಬರ್ತೀನಂತ ಚಂದಪ್ಪಗ ಫೋನು ಮಾಡ್ತೀನಿ. ಒಬ್ಬರ ಹೊಟ್ಟಿ ಉರಸೂಕಿಂತ ಧೂಳ ಕುಡಿಯೂದು ಛಲೋ." ಹೇಳುವಾಗಲೇ ಕೆಮ್ಮು ಬಂತು. ಕಟ್ಟೆ ಹಿಡಿದುಕೊಂಡು ಕೆಮ್ಮಿದಳು.

ಮರೆಮ್ಮ ಕೋಣೆಗೆ ಬಂದವಳೇ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು, ಲೇಬಲ್ಲಿಗೆ ಹಚ್ಚಿ, ಉಗುರಿನಿಂದ ಕೆರೆಯತೊಡಗಿದಳು. ಲೇಬಲ್ಲು ಎದ್ದ ಕಡೆ ಇಂಗ್ಲಿಷಿನ ಹೆಸರು ಹಲ್ಲು ಕಿರಿಯಿತು.

"ಇದೂ ಓದ್ತಾರೇನ ಇಲ್ಲಿಯ ಮಂದಿ?"

"ಓದ್ತಾರ. ಇಲ್ಲಿ ಎಲ್ಲಾರೂ ಓದ್ತಾರ."

"ಹಂಗಿದ್ರ ತಪ್ಪು ನಂದು" ಅಂದಳು ಮರೆಮ್ಮ. ಮೂವತ್ತು ವರ್ಷದಲ್ಲಿ ಅವಳು ತಪ್ಪು ನನ್ನದು ಅಂದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. "ನಮ್ಮೂರಾಗ ಹೆಸರು ಬರದ್ರ ಅದು ಪಟದ ಶೃಂಗಾರ, ಯಾರೂ ಓದೂದಿಲ್ಲ. ಇಲ್ಲಿ ನೀ ಬಾಯಿ ತೆರಿಯೂಕಿಂತ ಮೊದಲ ಅದು ಬೊಗಳತೈತಿ. ನೀ ನೋಡಿದ್ದು ಒಂದು, ಅದು ಬೊಗಳಿದ್ದು ಒಂದು. ಅಂವ ಯಾವುದನ್ನ ಕೇಳ್ಯಾನು?"

ಆಮೇಲೆ ಎಲೆಅಡಿಕೆ ಚೀಲದಿಂದ ಅಡಕೊತ್ತು ತೆಗೆದಳು. ಅಡಿಕೆ ಕತ್ತರಿಸುವ ಅದೇ ಅಡಕೊತ್ತಿನಲ್ಲಿ, ಸೂರ್ಯ ಚಂದ್ರ ರಾಜ ರಾಣಿ ಅಂತ ನೋಡದೆ, ಎಲ್ಲರ ಕಾಲಬುಡದ ಅಕ್ಷರವನ್ನು ಕಚಕ್ ಕಚಕ್ ಅಂತ ಕತ್ತರಿಸಿಹಾಕಿದಳು. ಅಕ್ಷರ ಇಲ್ಲದ ಎಲೆಗಳನ್ನೂ ಬಿಡಲಿಲ್ಲ. ಎಲ್ಲವೂ ಒಂದೇ ಅಳತೆ ಇರಬೇಕು, ಇಲ್ಲವಾದರೆ ಕಲೆಸುವಾಗ ಬೆರಳಿಗೆ ಗೊತ್ತಾಗುತ್ತದೆ ಅಂದಳು. ಎಪ್ಪತ್ತೆಂಟೂ ಮುಗಿಯುವಾಗ ಭಾನುವಾರ ಮಧ್ಯಾಹ್ನ. ಅಂಚು ಸ್ವಲ್ಪ ಅಂಕುಡೊಂಕಾಗಿತ್ತು ಖರೆ. ಆದರೆ ಈಗ ಕಟ್ಟು ನಾಗವೇಣಿಯ ಕೈಯಲ್ಲಿ ಸರಿಯಾಗಿ ಕೂತಿತು. ಆದರೂ ಅವಳ ಮನಸ್ಸು ಕೂರಲಿಲ್ಲ. ಚಂದಪ್ಪನಿಗೆ ಫೋನು ಮಾಡಿ ಆಗಿತ್ತು. ಸೋಮವಾರ ಏಳರ ಬಸ್ಸಿಗೆ ಬಂದರೆ ಜಾಗ ಉಂಟು, ತಪ್ಪಿದರೆ ಇಲ್ಲ ಅಂದಿದ್ದ.

ಸೋಮವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಬಟ್ಟೆಯ ಚೀಲ ಹಿಡಿದು ನಾಗವೇಣಿ ಕಡಿಯಾಳಿಗೆ ಬಂದಳು. ಕಾರ್ಕಳದ ಬಸ್ಸು ಅಲ್ಲೇ ನಿಲ್ಲುವುದು. ಮರೆಮ್ಮ ಮೊಣಕಾಲು ಎಳೆದುಕೊಂಡು ಜೊತೆಗೇ ಬಂದು ಕಟ್ಟೆಯ ಮೇಲೆ ಗೋಣಿ ಹಾಸಿದಳು. ಹಾಸಿ, ತಾನು ಗಿರಾಕಿಯ ಕಡೆ ಕೂತಳು.

"ಬಸ್ಸಿಗೆ ಇನ್ನೂ ಹೊತ್ತೈತಿ. ನನಗ ಒಂದು ನೋಡಿ ಹೇಳು."

"ಮನಿಯವರಿಗೆ ನೋಡಬಾರದಲ್ಲ ಅತ್ತಿ?"

"ದಿನಾ ಮುಂಜಾನಿ ನಾ ನೋಡ್ತಿರಲಿಲ್ಲೇನು? ಕಲಸು. ಕೇಳಾಕತ್ತೀನಿ: ನನ್ನ ಮಗ ಬರ್ತಾನೋ ಇಲ್ಲೋ?"

ನಾಗವೇಣಿ ಎಲೆ ಹರಡಿದಳು. ಮರೆಮ್ಮ ಒಂದನ್ನು ಎತ್ತಿ ಕೊಟ್ಟಳು. ಕೆಂಪು ನಿಲುವಂಗಿಯ ಒಬ್ಬ ಮನುಷ್ಯ, ಕೈಯಲ್ಲಿ ಕೋಲು. ಹಿಂದೆ ಎಂಟು ಬಟ್ಟಲುಗಳನ್ನು ಜೋಡಿಸಿಟ್ಟು, ಬೆನ್ನು ಹಾಕಿ ಗುಡ್ಡದ ಕಡೆ ಹೊರಟಿದ್ದಾನೆ. ಅದನ್ನು ಓದಲು ಶಾಸ್ತ್ರ ಬೇಡ, ಕಣ್ಣಿದ್ದರೆ ಸಾಕು.

ಬರ್ತಾನ ಅಂದರೆ ಮುಗಿಯಿತು. ಮುದುಕಿಗೆ ಖುಷಿ, ಕಟ್ಟೆ ತನ್ನದು, ಪುಪ್ಪುಸ ತನ್ನದು. ಯಾರಿಗೆ ನಷ್ಟ? ನಾಗವೇಣಿಯ ನಾಲಿಗೆಯ ತುದಿಗೆ ಬಂದೇ ಬಂತು. ಆದರೆ ಮರೆಮ್ಮ ಇವತ್ತು ಅವಳ ಮುಖ ನೋಡುತ್ತಿರಲಿಲ್ಲ, ಪಟ ನೋಡುತ್ತಿದ್ದಳು. ಆ ಬೆನ್ನನ್ನು ಇಟ್ಟುಕೊಂಡು ಬರ್ತಾನ ಅಂತ ಹೇಗೆ ಹೇಳುವುದು? ನಾಳೆ ಇನ್ನೊಬ್ಬ ಭೋಜನಿಗೆ ಏನು ಹೇಳುವುದು?

"ಬೆನ್ನ ಮಾಡಿ ಹೊಂಟಾನ ಅತ್ತಿ" ಅಂದಳು. "ಜೀವಕ್ಕೇನೂ ಆಗಿಲ್ಲ. ಗಟ್ಟಿ ಅದಾನ. ಆದ್ರ ಹೊಳ್ಳಿ ನೋಡವಲ್ಲ. ಇದು ಬರೂ ದಾರಿ ಅಲ್ಲ. ಅಂವ ಬರಂಗಿಲ್ಲ."

ಹೇಳಿ ಮುಗಿಸಿ ಚೀಲಕ್ಕೆ ಕೈ ಹಾಕಿದಳು. ಇನ್ನು ಬೈಗುಳ ಬರುತ್ತದೆ, ಬಂದರೆ ಬರಲಿ.

ಮರೆಮ್ಮ ಆ ಪಟವನ್ನು ತನ್ನ ಕಡೆಗೆ ಎಳೆದುಕೊಂಡಳು. "ಚಂದಪ್ಪ ಹೇಳಿದ್ನೇನು ನಿನಗ?" ಅಂದಳು ಮೆಲ್ಲಗೆ.

ನಾಗವೇಣಿ ಬೆಚ್ಚಿಬಿದ್ದಳು.

"ನನಗೂ ಹೇಳ್ಯಾನ. ನಿನಗಿಂತ ಮೊದಲ. ಆ ಕೂಸಿಗೆ ನನ್ನವ್ವನ ಹೆಸರಿಟ್ಟಾನಂತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಮನ್ಯಾಗಿದ್ದ ದಿನ ಮುಂಜಾನಿ ಬರ್ತಾನ ಬರ್ತಾನ ಅಂತ ಅಷ್ಟು ಜೋರಾಗಿ ಯಾಕ ಹೇಳ್ತಿದ್ದೆ ಅಂದ್ಕೊಂಡಿ? ದೇವರಿಗೇನು ಕಿವಿ ಕೇಳಂಗಿಲ್ಲೇನು? ನಿನ್ನ ಕಿವಿಗೆ ಬೀಳ್ಲಿ ಅಂತ. ಅಂವ ಬರಂಗಿಲ್ಲ ಅಂತ ಗೊತ್ತಾದ್ರ ನೀ ತವರಿಗೆ ಹೋಗ್ತಿ. ನೀ ಹೋದ್ರ ನನಗ್ಯಾರು? ನನ್ನ ಪಟದಾಗ ಏನ್ ಬೇಕಾದ್ರೂ ಹೇಳಬಹುದಿತ್ತು, ಹೇಳಿದೆ. ಈ ಪಟ ನನ್ನ ಕೈಯಾಗಿದ್ರ ನನಗೂ ಹೇಳಾಕ ಆಗ್ತಿರಲಿಲ್ಲ."

ನಾಗವೇಣಿ ಅಳುತ್ತಿದ್ದಳು. ಒಂದು ವರ್ಷ ಎರಡು ಹೆಂಗಸರು ಒಂದೇ ಕೋಣೆಯಲ್ಲಿ ಒಂದೇ ಸಂಕಟವನ್ನು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬಚ್ಚಿಟ್ಟು ಬದುಕಿದ್ದರಲ್ಲ!

"ಇನ್ನೊಂದು ಎತ್ತು" ಅಂದಳು ಮರೆಮ್ಮ. "ಅಂವ ಹೋದ. ನನ್ನ ಗತಿ ಏನು, ನೋಡಿ ಹೇಳು."

ನಾಗವೇಣಿ ಎಲೆಗಳನ್ನೆಲ್ಲ ಬಾಚಿ ಒಟ್ಟು ಮಾಡಿದಳು. "ನೀ ನನ್ನ ಕೂಡ ಇರ್ತಿ."

"ಪಟ ನೋಡಿ ಹೇಳಬೇಕು, ನಿನ್ನ ಹುಚ್ಚು ಬಿಡ್ಲಿ."

"ಅದಕ್ಕ ಪಟ ಯಾಕ ಬೇಕು?"

ಆಗ ಏಳರ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಹಿರಿಯಡ್ಕ, ಕಾರ್ಕಳ, ಕಾರ್ಕಳ! ಅಕ್ಕ, ಬೇಗ ಹತ್ತಿ" ಅಂತ ನಾಗವೇಣಿಯ ಚೀಲ ನೋಡಿ ಕೂಗಿದ. ನಾಗವೇಣಿ ಅತ್ತೆಯ ಮುಖ ನೋಡಿದಳು.

ಮರೆಮ್ಮ ಆ ಚೀಲವನ್ನು ಎಳೆದು ತನ್ನ ಮೊಣಕಾಲ ಕೆಳಗೆ ಇಟ್ಟುಕೊಂಡಳು. ಕಂಡಕ್ಟರನ ಕಡೆ ಕೈ ಬೀಸಿ, "ಹೋಗ್ರೀ ಅಣ್ಣಾರ, ಹೋಗ್ರಿ. ಇಲ್ಲಿ ಹತ್ತಾವ್ರು ಯಾರೂ ಇಲ್ಲ" ಅಂದಳು.